ಅರ್ಧ ದಿನದ ಆಳಸಮುದ್ರ ಮೀನುಬೇಟೆ: ಸಿದ್ಧತೆ ದುರ್ಗದಬೈಲಿನಿಂದಲೇ ಆರಂಭವಾಗಲಿ

ದೋಣಿಯೊಂದನ್ನು ಚಾಲಕ ಹಾಗೂ ಸಹಾಯಕರ ಸಮೇತ ಕೆಲವು ತಾಸುಗಳ ಮಟ್ಟಿಗೆ ಪೂರ್ತಿಯಾಗಿ ಬಾಡಿಗೆಗೆ ಹಿಡಿದು, ತೀರದಿಂದ ದೂರ ಸಾಗಿ ಗಾಳ ಹಾಕುವ ಹವ್ಯಾಸಕ್ಕೆ ಚಾರ್ಟರ್ ಮೀನುಬೇಟೆ ಎಂಬ ಹೆಸರಿದ್ದು, ಹುಬ್ಬಳ್ಳಿಯಿಂದ ಕಾರವಾರ, ಮುರ್ಡೇಶ್ವರ ಮತ್ತು ಗೋವಾದ ಕಡೆಗೆ ವಾರಾಂತ್ಯದಲ್ಲಿ ಹೊರಡುವ ಗೆಳೆಯರ ಗುಂಪುಗಳ ಕಾರ್ಯಕ್ರಮದಲ್ಲಿ ಈಗ ಇದೂ ಸೇರಿಕೊಂಡಿದೆ. ಹುಬ್ಬಳ್ಳಿಯ ಪೇಟೆಯಾದ ದುರ್ಗದಬೈಲಿನಿಂದ ಕಾರವಾರದ ಬೈತಖೋಲ ಮೀನುಗಾರಿಕಾ ಬಂದರಿಗೆ ಕಲಘಟಗಿ, ಯಲ್ಲಾಪುರ, ಅಂಕೋಲಾ ಮಾರ್ಗವಾಗಿ ಸುಮಾರು 165 ಕಿಲೋಮೀಟರ್ ದೂರವಿದ್ದು, ನಡುವೆ ಅರಬೈಲ ಘಟ್ಟ ಇಳಿಯಬೇಕಾದುದರಿಂದ ಪ್ರಯಾಣಕ್ಕೆ ನಾಲ್ಕು ತಾಸು ಬೇಕಾಗುತ್ತದೆ. ಈ ಲೆಕ್ಕವನ್ನೇ ನೆಚ್ಚಿ, ಶನಿವಾರ ರಾತ್ರಿ ವ್ಯಾಪಾರ ಮುಗಿದ ಮೇಲೆ ದುರ್ಗದಬೈಲಿನ ತಿಂಡಿಗಾಡಿಗಳ ಮುಂದೆ ನಿಂತು ಗಿರಮಿಟ್ಟು, ಮಿರ್ಚಿ ಭಜಿ ತಿಂದು, ನಡುರಾತ್ರಿ ಹೊರಟು, ಕಣ್ಣು ಮುಚ್ಚದೆ ಘಟ್ಟ ಇಳಿದು, ನಸುಕಿನಲ್ಲಿ ನೇರವಾಗಿ ದೋಣಿ ಹತ್ತುವ ಪದ್ಧತಿ ಬೆಳೆದಿದೆ. ಹೀಗೆ ಹೋದವರಲ್ಲಿ ಹಲವರು ಗಾಳ ಮುಟ್ಟುವ ಮೊದಲೇ ದೋಣಿಯ ಅಂಚಿಗೆ ಒರಗಿ ವಾಂತಿ ಮಾಡಿಕೊಳ್ಳುತ್ತಾರೆ, ಕೊಟ್ಟ ಹಣವೂ ಕಾದಿದ್ದ ದಿನವೂ ವ್ಯರ್ಥವಾಗುತ್ತವೆ, ಬೈಗುಳ ಮಾತ್ರ ಸಮುದ್ರಕ್ಕೆ ಸಲ್ಲುತ್ತದೆ. ಆದರೆ ತಪ್ಪು ನಡೆದಿರುವುದು ಸಮುದ್ರದಲ್ಲಲ್ಲ, ಅದಕ್ಕೂ ಹಿಂದಿನ ಹನ್ನೆರಡು ತಾಸುಗಳಲ್ಲಿ.

ಮೊದಲು ನಿರೀಕ್ಷೆಯನ್ನು ಸರಿಪಡಿಸಿಕೊಳ್ಳುವುದು ಒಳ್ಳೆಯದು. ತೀರದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್‌ವರೆಗಿನ ಪ್ರಾದೇಶಿಕ ಜಲಸೀಮೆಯ ಆಚೆ ನಡೆಯುವುದನ್ನು ಆಡಳಿತದ ಪರಿಭಾಷೆಯಲ್ಲಿ ಆಳಸಮುದ್ರ ಮೀನುಗಾರಿಕೆ ಎನ್ನುವುದು ವಾಡಿಕೆ. 8 ನಾಟ್, ಎಂದರೆ ತಾಸಿಗೆ ಹದಿನೈದು ಕಿಲೋಮೀಟರ್‌ಗೆ ಸ್ವಲ್ಪ ಕಡಿಮೆ ವೇಗದಲ್ಲಿ ಸಾಗುವ ದೋಣಿಯು ಐದು ತಾಸಿನ ಬಾಡಿಗೆಯಲ್ಲಿ ಹೋಗುವುದಕ್ಕೊಂದು, ಬರುವುದಕ್ಕೊಂದು ತಾಸು ಕಳೆದರೆ ಬೇಟೆಗೆ ಉಳಿಯುವುದು ಮೂರೇ ತಾಸು, ತಲುಪುವ ದೂರವೂ ಹದಿನೈದು ಕಿಲೋಮೀಟರ್‌ನ ಆಸುಪಾಸು. ಭೂಖಂಡದ ಅಂಚಿನಲ್ಲಿ ನೀರಿನಡಿ ಚಾಚಿಕೊಂಡಿರುವ ಇಳಿಜಾರು ನೆಲಕ್ಕೆ ಖಂಡಾವರಣ ಪ್ರದೇಶವೆಂದು ಹೆಸರು. ಅದು ಕರ್ನಾಟಕದ ಎದುರಿಗೆ ಬಹಳ ನಿಧಾನವಾಗಿ ಆಳವಾಗುತ್ತ ಹಲವು ಹತ್ತು ಕಿಲೋಮೀಟರ್ ಹಬ್ಬಿರುವುದರಿಂದ, ಅಷ್ಟು ದೂರದಲ್ಲಿಯೂ ನೀರಿನ ಆಳ ಸಾಮಾನ್ಯವಾಗಿ 20ರಿಂದ 40 ಮೀಟರ್ ಮಾತ್ರ ಇರುತ್ತದೆ. ಅಂಡಮಾನಿನಲ್ಲಿ ದ್ವೀಪಗಳ ಬುಡದಿಂದಲೇ ನೆಲ ಥಟ್ಟನೆ ಕುಸಿಯುವ ಕಡೆಗಳಿದ್ದು, ಅಲ್ಲಿ ಅರ್ಧ ದಿನದಲ್ಲೂ ನಿಜವಾದ ಆಳದ ಮೀನು ಎದುರಾಗಬಹುದು. ಕಾರವಾರದಿಂದ ಹೋದವರು ಮಾರ್ಲಿನ್‌ನಂಥ ಮಹಾಮತ್ಸ್ಯದ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ, ಬಂಗುಡೆ, ಕೊಕ್ಕರ, ಮುರು ಮತ್ತು ಅದೃಷ್ಟವಿದ್ದರೆ ಕಾರವಾರದವರು ಇಸವಾಣ ಎಂದೂ ದಕ್ಷಿಣದವರು ಅಂಜಲ್ ಎಂದೂ ಕರೆಯುವ ಮೀನನ್ನು ನಿರೀಕ್ಷಿಸಬೇಕು. ಅದೇನೂ ಕಡಿಮೆ ಸಂತೋಷವಲ್ಲ.

ದಿನದ ಆಯ್ಕೆಯಲ್ಲಿ ಕಾನೂನೂ ಹವಾಮಾನವೂ ಸೇರುತ್ತವೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧವಿದ್ದು, ಕರ್ನಾಟಕದಲ್ಲಿ ಯಾಂತ್ರೀಕೃತ ದೋಣಿಗಳಿಗೂ 10 ಅಶ್ವಶಕ್ತಿ ಮೀರಿದ ಎಂಜಿನ್ ಇರುವ ದೋಣಿಗಳಿಗೂ ಇದು ಅನ್ವಯಿಸುತ್ತದೆ. ಆ ಅವಧಿಯಲ್ಲಿ ಯಾರಾದರೂ ಕರೆದೊಯ್ಯುವೆನೆಂದರೆ ಒಪ್ಪಬಾರದು. ಆಗಸ್ಟ್, ಸೆಪ್ಟೆಂಬರ್‌ಗಳಲ್ಲಿ ನಿಷೇಧ ತೆರವಾದರೂ ಕಡಲು ಒರಟಾಗಿಯೇ ಇರುವುದರಿಂದ ಹೊಸಬರಿಗೆ ನವೆಂಬರ್‌ನಿಂದ ಮಾರ್ಚ್‌ವರೆಗಿನ ಕಾಲವೇ ಯೋಗ್ಯ. ಅರಬ್ಬೀ ಸಮುದ್ರದ ಚಂಡಮಾರುತಗಳು ಮಳೆಗಾಲದ ಹಿಂದೆಯೋ ಮುಂದೆಯೋ ಬರುತ್ತವೆ ಎಂಬುದಕ್ಕೆ 2019ರ ಅಕ್ಟೋಬರ್‌ನ ಕ್ಯಾರ್, 2021ರ ಮೇ ತಿಂಗಳ ತೌಕ್ತೆ ಸಾಕ್ಷಿಯಾಗಿವೆ. ಹೈದರಾಬಾದಿನಲ್ಲಿರುವ, ಇನ್‌ಕಾಯಿಸ್ ಎಂದು ಪ್ರಸಿದ್ಧವಾದ ರಾಷ್ಟ್ರೀಯ ಸಾಗರ ಮಾಹಿತಿ ಕೇಂದ್ರವು ಅಲೆಯ ಎತ್ತರ ಮತ್ತು ಗಾಳಿಯ ಮುನ್ಸೂಚನೆಯನ್ನು ಪ್ರಕಟಿಸುತ್ತಿದ್ದು, ಹೊರಡುವ ಹಿಂದಿನ ದಿನ ಅದನ್ನೂ ಹವಾಮಾನ ಇಲಾಖೆಯು ಮೀನುಗಾರರಿಗೆ ನೀಡುವ ಎಚ್ಚರಿಕೆಯನ್ನೂ ನೋಡಲೇಬೇಕು. ಬೆಳಗಿನ ಪಾಳಿಯನ್ನೇ ಆರಿಸಿಕೊಳ್ಳುವುದು ಉಚಿತ. ನೆಲ ಕಾದಂತೆ ಮಧ್ಯಾಹ್ನದ ಹೊತ್ತಿಗೆ ಕಡಲಗಾಳಿ ಬಲವಾಗಿ ಅಲೆಗಳು ಏಳುತ್ತವೆ.

ದೋಣಿ ಗೊತ್ತುಮಾಡುವಾಗ ಬೆಲೆಯ ಚೌಕಾಸಿಗೆ ಮೊದಲು ಕೇಳಬೇಕಾದ ಪ್ರಶ್ನೆ ಪರವಾನಗಿಯದು. ಮೀನುಗಾರಿಕೆಯ ಪರವಾನಗಿ ಬೇರೆ, ಪ್ರಯಾಣಿಕರನ್ನು ಸಾಗಿಸುವ ಅನುಮತಿ ಬೇರೆ. ಮೊದಲನೆಯದಿದ್ದ ಮಾತ್ರಕ್ಕೆ ಎರಡನೆಯದು ಇದೆಯೆಂದು ಭಾವಿಸುವಂತಿಲ್ಲ. ಎಷ್ಟು ಜನರಿಗೆ ಅನುಮತಿಯಿದೆ, ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್ ಇದೆಯೇ, ದಡದೊಡನೆ ಮಾತನಾಡುವ ವಿಎಚ್‌ಎಫ್ ರೇಡಿಯೋ ಇದೆಯೇ, ಮುಖ್ಯ ಎಂಜಿನ್ ಕೆಟ್ಟರೆ ಏನು ವ್ಯವಸ್ಥೆ ಎಂಬುದನ್ನು ಸಂಕೋಚವಿಲ್ಲದೆ ವಿಚಾರಿಸಬೇಕು. 2019ರ ಜನವರಿ 21ರಂದು ಕಾರವಾರದ ಸಮೀಪದ ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಅವರಲ್ಲಿ ಸಮುದ್ರದ ಪರಿಚಯವಿಲ್ಲದ ಹಾವೇರಿ ಜಿಲ್ಲೆಯ ಕುಟುಂಬದವರೂ ಇದ್ದರು. ದಡ ಕಣ್ಣಿಗೆ ಕಾಣುತ್ತಿದೆಯೆಂಬ ಧೈರ್ಯಕ್ಕೆ ಸಮುದ್ರದಲ್ಲಿ ಬೆಲೆಯಿಲ್ಲ. ಲೈಫ್ ಜಾಕೆಟ್ ದೋಣಿಯ ಮೂಲೆಯಲ್ಲಿ ಕಟ್ಟಿಟ್ಟಿರುವುದು ಸಾಲದು, ಮೈಮೇಲೆ ಬಿಗಿಯಾಗಿರಬೇಕು. ಈಜು ಬಲ್ಲವರಿಗೂ ಇದರಿಂದ ವಿನಾಯಿತಿ ಇಲ್ಲ. ಕಾರವಾರದಲ್ಲಿ ನೌಕಾಪಡೆಯ ಐಎನ್‌ಎಸ್ ಕದಂಬ ನೆಲೆಯಿರುವ ಕಾರಣ ನಿರ್ಬಂಧಿತ ಜಲಪ್ರದೇಶಗಳಿದ್ದು, ಅತ್ತ ಸುಳಿಯುವಂತೆ ಚಾಲಕನನ್ನು ಒತ್ತಾಯಿಸುವುದಾಗಲಿ ಅಲ್ಲಿ ಚಿತ್ರ ತೆಗೆಯುವುದಾಗಲಿ ಸಲ್ಲದು. ಆಧಾರ್ ಅಥವಾ ಬೇರೊಂದು ಗುರುತಿನ ಚೀಟಿ ಎಲ್ಲರ ಬಳಿಯೂ ಇರಲಿ. ಸಣ್ಣ ದೋಣಿಗಳಲ್ಲಿ ಶೌಚಾಲಯ ಇರುವುದಿಲ್ಲ ಎಂಬ ಸಂಗತಿಯನ್ನು ಬಾಡಿಗೆಗೆ ಕೊಡುವವರು ತಾವಾಗಿ ಹೇಳುವುದು ವಿರಳ. ಮಹಿಳೆಯರೂ ಮಧುಮೇಹಿಗಳೂ ಇರುವ ಗುಂಪು ಇದನ್ನು ಮೊದಲೇ ಕೇಳಿ ತಿಳಿದಿರಬೇಕು.

ಇನ್ನು ಎಲ್ಲಕ್ಕಿಂತ ಹೆಚ್ಚು ಜನ ಎಡವುವ ವಿಷಯ, ಕಡಲಬೇನೆ. ಒಳಕಿವಿಯಲ್ಲಿರುವ, ದ್ರವ ತುಂಬಿದ ಅರ್ಧವೃತ್ತಾಕಾರದ ನಾಳಗಳು ದೇಹದ ಚಲನೆಯನ್ನು ಮಿದುಳಿಗೆ ತಿಳಿಸುತ್ತವೆ. ದೋಣಿಯ ಹಲಗೆಯನ್ನೋ ಕೈಯಲ್ಲಿರುವ ಮೊಬೈಲನ್ನೋ ನೋಡುತ್ತಿರುವ ಕಣ್ಣು ಏನೂ ಅಲುಗುತ್ತಿಲ್ಲವೆಂದೂ, ಒಳಕಿವಿಯು ಎಲ್ಲವೂ ತೂಗುತ್ತಿದೆಯೆಂದೂ ಏಕಕಾಲಕ್ಕೆ ವರದಿ ಕಳಿಸಿದಾಗ, ಈ ವಿರೋಧವನ್ನು ಹೊಂದಿಸಲಾಗದ ಮಿದುಳು ವಾಕರಿಕೆಯ ರೂಪದಲ್ಲಿ ಪ್ರತಿಕ್ರಿಯಿಸುತ್ತದೆ. ಇದು ದೌರ್ಬಲ್ಯವೂ ಅಲ್ಲ, ಧೈರ್ಯಕ್ಕೆ ಸಂಬಂಧಿಸಿದ್ದೂ ಅಲ್ಲ. ಕುಸ್ತಿಯ ಅಖಾಡದಲ್ಲಿ ಗೆದ್ದವರನ್ನೂ ಇದು ಮಲಗಿಸುತ್ತದೆ. ಅರಬೈಲ ಘಟ್ಟದ ತಿರುವುಗಳಲ್ಲಿ ಹೊಟ್ಟೆ ತೊಳಸುವವರಿಗೆ ದೋಣಿಯಲ್ಲಿಯೂ ಹಾಗಾಗುವ ಸಾಧ್ಯತೆ ಹೆಚ್ಚು, ಆದರೆ ಘಟ್ಟದಲ್ಲಿ ಏನೂ ಆಗದವರು ಸಮುದ್ರದಲ್ಲಿಯೂ ಪಾರಾಗುತ್ತಾರೆಂಬ ಖಾತರಿ ಇಲ್ಲ.

ಇದಕ್ಕೆ ಬಳಸುವ ಮಾತ್ರೆಗಳ ವಿಷಯದಲ್ಲಿಯೇ ದೊಡ್ಡ ತಪ್ಪು ನಡೆಯುತ್ತದೆ. ಔಷಧದಂಗಡಿಗಳಲ್ಲಿ ಅವೊಮಿನ್ ಎಂಬ ಹೆಸರಿನಲ್ಲಿ ಪರಿಚಿತವಾಗಿರುವ ಪ್ರೊಮೆಥಾಜಿನ್ ಥಿಯೋಕ್ಲೇಟ್ ಮಾತ್ರೆಯನ್ನು ಬಹುತೇಕ ಜನ ಕಿಸೆಯಲ್ಲಿಟ್ಟುಕೊಂಡು, ದೋಣಿ ತೂಗಲಾರಂಭಿಸಿ ಬಾಯಲ್ಲಿ ನೀರೂರಿದ ಮೇಲೆ ನುಂಗುತ್ತಾರೆ. ಆಗ ಅದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ನಿಂತರೂ ಪರಿಣಾಮ ತೋರುವಷ್ಟರಲ್ಲಿ ಬಾಡಿಗೆಯ ಅವಧಿ ಮುಗಿಯುತ್ತ ಬಂದಿರುತ್ತದೆ. ಈ ಮಾತ್ರೆ ಬಂದ ಬೇನೆಯನ್ನು ವಾಸಿ ಮಾಡುವುದಕ್ಕಿಂತ ಬರುವ ಬೇನೆಯನ್ನು ತಡೆಯುವುದಕ್ಕೆ ಇರುವಂಥದು. ಹಿಂದಿನ ರಾತ್ರಿ ಮಲಗುವ ಹೊತ್ತಿಗೆ, ಅಥವಾ ಕನಿಷ್ಠ ದೋಣಿ ಹತ್ತುವುದಕ್ಕೆ ಒಂದೆರಡು ತಾಸು ಮೊದಲು ತೆಗೆದುಕೊಂಡರೆ ಮಾತ್ರ ಪ್ರಯೋಜನ. ಅದು ನಿದ್ದೆ ತರಿಸುವ ಮಾತ್ರೆಯೂ ಹೌದು, ಆದ್ದರಿಂದ ಕಾರು ಓಡಿಸುವವರು ಸೇವಿಸಿ ಘಟ್ಟ ಇಳಿಯುವುದು ಅಪಾಯಕರ, ಮದ್ಯದೊಡನೆ ಬೆರೆತರೆ ಇನ್ನೂ ಅಪಾಯಕರ. ಎರಡು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಇದನ್ನು ಕೊಡಲೇಬಾರದು. ಗರ್ಭಿಣಿಯರು, ಗ್ಲಾಕೋಮಾ ಅಥವಾ ಪ್ರಾಸ್ಟೇಟ್ ತೊಂದರೆ ಇರುವವರು, ಉಸಿರಾಟದ ಕಾಯಿಲೆಯವರು ವೈದ್ಯರನ್ನು ಕೇಳದೆ ಮುಟ್ಟಬಾರದು.

ಇವೆಲ್ಲವನ್ನೂ ಒಟ್ಟಿಗೆ ನೋಡಿದರೆ ರಾತ್ರಿಯಿಡೀ ಪ್ರಯಾಣ ಮಾಡಿ ದೋಣಿ ಹತ್ತುವ ಯೋಜನೆಯೇ ಮೂಲದಲ್ಲಿ ಕೆಟ್ಟದ್ದೆಂಬುದು ಸ್ಪಷ್ಟವಾಗುತ್ತದೆ. ಶನಿವಾರ ಮಧ್ಯಾಹ್ನವೇ ಹುಬ್ಬಳ್ಳಿ ಬಿಟ್ಟು, ಬೆಳಕಿರುವಾಗಲೇ ಘಟ್ಟ ಇಳಿದು, ಅಂಕೋಲಾದಲ್ಲೋ ಕಾರವಾರದಲ್ಲೋ ಕೊಠಡಿ ಹಿಡಿದು, ಖಾರವೂ ಕರಿದದ್ದೂ ಇಲ್ಲದ ಊಟ ಮಾಡಿ, ಮಾತ್ರೆ ತೆಗೆದುಕೊಂಡು ಹತ್ತು ಗಂಟೆಗೆ ಮಲಗುವುದೇ ಸರಿಯಾದ ಕ್ರಮ. ಕೊಠಡಿಯ ಬಾಡಿಗೆ ಉಳಿಸಲು ಹೋಗಿ ದೋಣಿಯ ಬಾಡಿಗೆಯನ್ನೇ ನೀರಿಗೆ ಹಾಕುವವರ ಸಂಖ್ಯೆ ದೊಡ್ಡದಿದೆ. ಗಿರಮಿಟ್ಟು, ಮಿರ್ಚಿಗಳನ್ನು ಮರಳಿ ಬಂದ ಮೇಲೆ ತಿನ್ನಲು ಅಡ್ಡಿಯಿಲ್ಲ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ದೋಣಿ ಹತ್ತುವುದೂ ತಪ್ಪೇ. ಎರಡು ಇಡ್ಲಿ, ಒಂದು ಬಾಳೆಹಣ್ಣು ಸಾಕು. ದೋಣಿಯಲ್ಲಿ ಡೀಸೆಲ್ ಹೊಗೆ ತಾಗದಂತೆ, ತೂಗಾಟ ಕಡಿಮೆಯಿರುವ ನಡುಭಾಗದಲ್ಲಿ ನಿಂತು ದಿಗಂತದ ಗೆರೆಯನ್ನು ನೋಡುತ್ತಿರಬೇಕು, ಒಳಗಿನ ಕೋಣೆಗೆ ಹೋಗಿ ಮಲಗಬಾರದು, ಮೊಬೈಲನ್ನು ಚೀಲದಿಂದ ಹೊರತೆಗೆಯಬಾರದು. ವಾಂತಿ ಬಂದೇಬಿಟ್ಟರೆ ನಾಚಿಕೆಪಡದೆ, ಗಾಳಿ ಬೀಸಿ ಹೋಗುವ ದಿಕ್ಕಿನಲ್ಲೇ ಮುಖ ಹೊರಗೆ ಚಾಚಿ, ಮತ್ತೊಬ್ಬರು ಸೊಂಟ ಹಿಡಿದಿರುವಂತೆ ಮುಗಿಸಿ, ಓಆರ್‌ಎಸ್ ನೀರನ್ನು ಗುಟುಕು ಗುಟುಕಾಗಿ ಕುಡಿಯಬೇಕು.

ಉಡುಪಿನ ಮಾತು ಚಿಕ್ಕದು. ತಲೆಯ ಮೇಲಿನ ಬಿಸಿಲಿಗೆ ನೀರಿನಿಂದ ಪ್ರತಿಫಲಿಸಿದ ಬಿಸಿಲೂ ಸೇರುವುದರಿಂದ ತುಂಬುತೋಳಿನ ತೆಳು ಹತ್ತಿಯ ಅಂಗಿ, ಗದ್ದಕ್ಕೆ ಕಟ್ಟುವ ದಾರವಿರುವ ಟೊಪ್ಪಿಗೆ ಬೇಕು. ಇವೆರಡನ್ನೂ ದುರ್ಗದಬೈಲಿನ ಅಂಗಡಿಗಳಲ್ಲೇ ಕೊಂಡುಕೊಳ್ಳಬಹುದು. ತಲೆಗೆ ಕನಿಷ್ಠ ಎರಡು ಲೀಟರ್ ಕುಡಿಯುವ ನೀರು ಜೊತೆಗಿರಲಿ.

ಹೊರಡುವ ವೇಳೆಯನ್ನು ಚಾಲಕನಿಗೇ ಬಿಡಬೇಕು. ಕಾಳಿಯಂಥ ನದಿಗಳ ಅಳಿವೆಯಲ್ಲಿ, ಅಂದರೆ ನದಿ ಸಮುದ್ರ ಸೇರುವ ಬಾಯಲ್ಲಿ, ಮರಳಿನ ದಿಬ್ಬಗಳಿದ್ದು, ಇಳಿತದ ನೀರು ಹೊರಗೆ ಹರಿಯುವಾಗ ಒಳಬರುವ ಅಲೆಗಳು ಅದಕ್ಕೆ ಎದುರಾಗಿ ಮುರಿದು ಏಳುತ್ತವೆ. ಭರತಕ್ಕಾಗಿ ಅರ್ಧ ತಾಸು ಕಾಯುವ ಖಾರ್ವಿ, ಹರಿಕಂತ್ರ ಮೀನುಗಾರ ಸಮುದಾಯಗಳ ಚಾಲಕರನ್ನು ಅವಸರಪಡಿಸುವುದು ಅವಿವೇಕ.

ಬೇಟೆಯಲ್ಲಿ ಮುಖ್ಯವಾಗಿ ಎರಡು ವಿಧಾನಗಳುಂಟು. ಚಲಿಸುವ ದೋಣಿಯ ಹಿಂದೆ ಕೃತಕ ಮೀನನ್ನು ಎಳೆದುಕೊಂಡು ಹೋಗುವುದಕ್ಕೆ ಟ್ರೋಲಿಂಗ್ ಎನ್ನುತ್ತಾರೆ. ಮೇಲ್ನೀರಿನಲ್ಲಿ ಬೇಟೆಯಾಡುವ ಇಸವಾಣಕ್ಕೆ ಇದು ಸೂಕ್ತ, ಆದರೆ ಅದರ ಹಲ್ಲು ನೈಲಾನ್ ದಾರವನ್ನು ಕತ್ತರಿಸುವುದರಿಂದ ಗಾಳದ ಹಿಂದೆ ಒಂದು ಗೇಣು ಉಕ್ಕಿನ ತಂತಿ ಇರಲೇಬೇಕು. ಲಂಗರು ಹಾಕಿ ಸೀಸದ ಗುಂಡಿನೊಡನೆ ಸೀಗಡಿಯನ್ನೋ ಬಂಗುಡೆಯ ತುಂಡನ್ನೋ ತಳಕ್ಕೆ ಇಳಿಬಿಡುವುದು ಇನ್ನೊಂದು ವಿಧಾನ. ಕಲ್ಲುಸಂದಿನ ಮುರು ಸಿಗುವುದು ಹೀಗೆ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಹವಳದ ಮೇಲೆ ಮಾತ್ರ ಲಂಗರು ಎಸೆಯಕೂಡದು, ಒಮ್ಮೆ ಮುರಿದ ಹವಳ ಬೆಳೆಯಲು ಬಹಳ ವರ್ಷಗಳು ಬೇಕು. ರಾಟೆಯಿಂದ ದಾರ ಜಾರುವ ಬಿಗಿಯನ್ನು ದಾರದ ತಾಳಿಕೆಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿಸಬಾರದು. ಕೈದಾರದಿಂದ ಹಿಡಿಯುವವರು ದಾರವನ್ನು ಬೆರಳಿಗೆ ಸುತ್ತಿಕೊಳ್ಳಬಾರದು. ದೊಡ್ಡ ಮೀನು ಓಟ ಕಿತ್ತರೆ ಬೆರಳಿನ ಮಾಂಸ ಕತ್ತರಿಸಿಹೋಗುತ್ತದೆ.

ಮೇಲೆ ಬಂದುದನ್ನೆಲ್ಲ ಮುಟ್ಟುವ ಆತುರ ಬೇಡ. ಸಂಗಟ ಮೀನಿನ ಬೆನ್ನು ಮತ್ತು ಪಕ್ಕದ ರೆಕ್ಕೆಗಳಲ್ಲಿಯೂ ತೊರಕೆ ಮೀನಿನ ಬಾಲದಲ್ಲಿಯೂ ವಿಷದ ಮುಳ್ಳುಗಳಿವೆ. ಚುಚ್ಚಿದರೆ ಸಹಿಸಬಹುದಾದಷ್ಟು ಬಿಸಿನೀರಿನಲ್ಲಿ ಆ ಭಾಗವನ್ನು ಮುಳುಗಿಸಿಟ್ಟು ಆಸ್ಪತ್ರೆಗೆ ಹೋಗಬೇಕು. ಹೊಟ್ಟೆ ಉಬ್ಬಿಸುವ ಪಫರ್ ಮೀನನ್ನು ಯಾವ ಅಡುಗೆಯೂ ನಿರ್ವಿಷಗೊಳಿಸದು. ಕಡಲಾಮೆ, ಗರಗಸ ಮೀನು, ತಿಮಿಂಗಿಲ ಶಾರ್ಕ್‌ಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದ್ದು, ಅಕಸ್ಮಾತ್ ಸಿಕ್ಕಿಕೊಂಡರೆ ದಾರ ಕತ್ತರಿಸಿ ತಕ್ಷಣ ಬಿಡಬೇಕು.

ಹಿಡಿದ ಮೀನಿಗೆ ಅದರಷ್ಟೇ ತೂಕದ ಮಂಜುಗಡ್ಡೆ ಬೇಕು, ಅದು ದೋಣಿಯಲ್ಲಿಯೇ ಇರಬೇಕು. ಬಂಗುಡೆ, ಇಸವಾಣ, ಕೇದರ (ಟ್ಯೂನಾ) ಬಿಸಿಲಿನಲ್ಲಿ ಬಿದ್ದರೆ ಅವುಗಳ ಮಾಂಸದಲ್ಲಿ ಹಿಸ್ಟಮಿನ್ ಎಂಬ ವಸ್ತು ಉತ್ಪತ್ತಿಯಾಗುತ್ತದೆ. ಅದು ಕುದಿಸಿದರೂ ಹುರಿದರೂ ನಾಶವಾಗುವುದಿಲ್ಲ, ತಿಂದವರಿಗೆ ಮುಖ ಕೆಂಪಾಗಿ ತಲೆನೋವು, ದದ್ದು ಕಾಣಿಸುತ್ತವೆ. ಹುಬ್ಬಳ್ಳಿಯವರೆಗಿನ ನಾಲ್ಕು ತಾಸಿಗಾಗಿ ಅಂಕೋಲಾದಲ್ಲಿ ಕರಗಿದ ನೀರು ಚೆಲ್ಲಿ ಹೊಸ ಮಂಜುಗಡ್ಡೆ ತುಂಬಿಸಿಕೊಳ್ಳಬೇಕು. ಮರಳುವಾಗ ಕಾರು ಓಡಿಸುವುದು ಮಾತ್ರೆ ನುಂಗದವರೇ ಆಗಿರಲಿ. ಸಮುದ್ರದಲ್ಲಿ ತುರ್ತು ನೆರವಿಗೆ ಕೋಸ್ಟ್ ಗಾರ್ಡ್‌ನ 1554, ಕರಾವಳಿ ಕಾವಲು ಪೊಲೀಸರ 1093 ಸಂಖ್ಯೆಗಳನ್ನು ಹೊರಡುವ ಮೊದಲೇ ಗುಂಪಿನ ಎಲ್ಲರೂ ಮೊಬೈಲಿನಲ್ಲಿ ಬರೆದಿಟ್ಟುಕೊಂಡಿರಬೇಕು.