ಮೊದಲು ಅವನ ಮನೆಗೆ ಹೋಗಿ

ಗೂಳೂರಿನವರು ಇಲ್ಲೇ ಕೂತಿದ್ದೀರಿ, ಕೆಲವರು ಬೆಂಗಳೂರಿನ ಪಿಜಿ ರೂಮಿನಿಂದ ಮೊಬೈಲಲ್ಲಿ ಕೇಳ್ತಿದ್ದೀರಿ. ಎಲ್ಲರೂ ಬೈಬಲ್ ತೆಗೆಯಿರಿ, ಯಾಜಕಕಾಂಡ 19.

18ನೇ ವಚನ ಎಲ್ಲರಿಗೂ ಬಾಯಿಪಾಠ. ನೆರೆಯವನನ್ನು ಪ್ರೀತಿಸಬೇಕೆಂಬ ಆಜ್ಞೆ ಅಲ್ಲೇ ಇರೋದು. ಆದರೆ ಹಿಂದಿನ 17ನೇ ವಚನ? ಸಹೋದರನ ಮೇಲೆ ಮನಸ್ಸಲ್ಲಿ ಹಗೆ ಇಟ್ಟುಕೊಳ್ಳಬೇಡ, ಅವನ ತಪ್ಪನ್ನು ಅವನಿಗೇ ತಿಳಿಸು, ಇಲ್ಲದಿದ್ದರೆ ಆ ಪಾಪದಲ್ಲಿ ನಿನಗೂ ಪಾಲು ಬರುತ್ತೆ ಅನ್ನೋದು ಅದರ ಸಾರ. ನಾವು ಪ್ರೀತಿ ಒಂದು ಕಡೆ, ತಿದ್ದೋದು ಇನ್ನೊಂದು ಕಡೆ ಇಟ್ಟು ತಕ್ಕಡಿ ತೂಗ್ತೀವಿ. ದೇವರು ಎರಡನ್ನೂ ಒಂದೇ ಕಡೆ ಇಟ್ಟು, ಎದುರಿಗೆ ಹಗೆಯನ್ನು ಇಟ್ಟಿದ್ದಾನೆ.

ಒಬ್ಬ ತಮ್ಮ ಇದ್ದಾನೆ ಅಂದುಕೊಳ್ಳಿ. ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ, ಆರಾಧನೆಯಲ್ಲಿ ಕೀಬೋರ್ಡ್ ನುಡಿಸ್ತಾನೆ. ಮೊಬೈಲಲ್ಲಿ ದುಡ್ಡು ಕಟ್ಟಿ ಆಡೋ ಚಟ, ನಾಲ್ಕು ಜನ ವಿಶ್ವಾಸಿಗಳ ಹತ್ತಿರ ಕೈಸಾಲ. ಅರ್ಧ ಸಭೆಗೆ ಗೊತ್ತು. ನಾವೇನು ಮಾಡ್ತೀವಿ? ಒಬ್ಬರು ಅವನು ನೋಡಲಿ ಅಂತಲೇ ವಾಟ್ಸಾಪ್ ಸ್ಟೇಟಸ್‌ಗೆ ವಚನ ಹಾಕ್ತಾರೆ. ಇನ್ನೊಬ್ಬರು ‘ಪ್ರಾರ್ಥನಾ ವಿಷಯ’ ಅಂತ ಹೇಳಿ ಗ್ರೂಪಲ್ಲಿ ಎಲ್ಲಾ ಬಿಚ್ಚಿಡ್ತಾರೆ. (ಪ್ರಾರ್ಥನೆ ಹೆಸರಲ್ಲಿ ಚಾಡಿ, ಇದು ಸಭೆಗೆ ಹಿಡಿದ ಗೆದ್ದಲು.) ತಿಂಗಳು ಕಳೆದರೆ ಕೀಬೋರ್ಡ್ ಮುಂದೆ ಯಾರೂ ಇಲ್ಲ. ಅವನನ್ನು ಯಾರೂ ಬೈಯಲಿಲ್ಲ, ನಿಜ. ಯಾರೂ ಮಾತಾಡಿಸಲೂ ಇಲ್ಲವಲ್ಲ!

ಮತ್ತಾಯ 18:15ರಲ್ಲಿ ಯೇಸು ಹೇಳಿದ ಮೊದಲ ಹೆಜ್ಜೆ: ನೀನು ಹೋಗು, ಅವನೂ ನೀನೂ ಇಬ್ಬರೇ ಇರುವಾಗ ಹೇಳು. ವಾದ ಗೆಲ್ಲೋಕಲ್ಲ, ಸಹೋದರನನ್ನು ಸಂಪಾದಿಸೋಕೆ. ಸಾಕ್ಷಿಗಳು, ಸಭೆ, ಇವೆಲ್ಲಾ ಆಮೇಲೆ.

ನಮ್ಮ ಪಕ್ಕದ ಗುಬ್ಬಿಗೆ 1830ರ ದಶಕದ ಕೊನೆಗೆ ವೆಸ್ಲಿಯನ್ ಮಿಷನರಿಗಳು ಬಂದರು. ಅವರ ಮೂಲಗುರು ಜಾನ್ ವೆಸ್ಲಿ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಪ್ರಾರ್ಥನಾಲಯದ ಸಾಲ ತೀರಿಸಬೇಕಿತ್ತು. 12 ಜನಕ್ಕೊಬ್ಬ ನಾಯಕ, ತಲೆಗೆ ವಾರಕ್ಕೊಂದು ಪೆನ್ನಿ, ಮನೆಮನೆಗೆ ಹೋಗಿ ವಸೂಲಿ. ಹೀಗೆ ಹೋದವರಿಗೆ ಒಂದು ಮನೆಯಲ್ಲಿ ಗಂಡ ಹೆಂಡತಿ ಜಗಳ ಕಾಣಿಸಿತು, ಇನ್ನೊಂದರಲ್ಲಿ ಕುಡಿದಿದ್ದವನು ಸಿಕ್ಕಿದ. ವೆಸ್ಲಿ ಆ ವಸೂಲಿ ಏರ್ಪಾಡನ್ನೇ ಆತ್ಮಗಳ ಆರೈಕೆಯ ಏರ್ಪಾಡು ಮಾಡಿಕೊಂಡ. ಅದೇ ಮೆಥೊಡಿಸ್ಟರ ಕ್ಲಾಸ್ ಮೀಟಿಂಗ್. ಚಪ್ಪಲಿ ಹಾಕಿಕೊಂಡು ಹೊರಟವರಿಗೆ ಕಷ್ಟ ಕಾಣಿಸುತ್ತೆ, ಸ್ಟೇಟಸ್ ಹಾಕುವವರಿಗೆ ತಪ್ಪಷ್ಟೇ ಕಾಣಿಸುತ್ತೆ.

ಹಾಗಾದರೆ ಗಲಾತ್ಯ 2ರಲ್ಲಿ ಪೌಲನು ಪೇತ್ರನನ್ನು ಎಲ್ಲರ ಮುಂದೆ ಗದರಿಸಿದ್ದು ಯಾಕೆ ಪಾಸ್ಟರ್ ಅಂತ ಕೇಳ್ತೀರಿ. ಪೇತ್ರ ಮಾಡಿದ ತಪ್ಪೇ ಎಲ್ಲರ ಮುಂದಿತ್ತು. ಅಂತಿಯೋಕ್ಯದಲ್ಲಿ ಅನ್ಯಜನರ ಜೊತೆ ಊಟಕ್ಕೆ ಕೂರುತ್ತಿದ್ದವನು, ಯಾಕೋಬನ ಕಡೆಯವರು ಬಂದ ಕೂಡಲೇ ಎದ್ದು ದೂರವಾದ. ಪಂಕ್ತಿಭೇದ ಅಂದರೇನು ಅಂತ ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾ? ಅವಮಾನ ಆದದ್ದು ಎಲೆ ಮುಂದೆ ಉಳಿದವರಿಗೆ, ಅವರ ಕಣ್ಣೆದುರೇ ಅದು ಸರಿಯಾಗಬೇಕಿತ್ತು. ಪೇತ್ರ ಅಪೊಸ್ತಲ, ಆದರೂ ಬಿಡಲಿಲ್ಲ. ನಾವು ಪಾಸ್ಟರುಗಳು ‘ಅಭಿಷಿಕ್ತನನ್ನು ಮುಟ್ಟಬೇಡಿ’ ಅಂತ ತಪ್ಪಿಸಿಕೊಳ್ಳೋ ಹಾಗಿಲ್ಲ. 2 ಪೇತ್ರ 3:15 ನೋಡಿ, ಅದೇ ಪೌಲನನ್ನು ಪ್ರಿಯ ಸಹೋದರ ಅಂತ ಕರೆದಿದೆ. ಹಲ್ಲೆಲೂಯ!

ಇನ್ನೊಂದು ಮಾತು ಖಂಡಿತವಾಗಿ ಹೇಳ್ತೀನಿ. ಮಗುವಿಗೋ ಒಬ್ಬ ತಂಗಿಗೋ ಯಾರಾದರೂ ಕೈ ಹಾಕಿದ್ದರೆ, ‘ಮೊದಲು ಒಬ್ಬಳೇ ಹೋಗಿ ಮಾತಾಡು’ ಅಂತ ಮತ್ತಾಯ 18 ತೋರಿಸಬೇಡಿ. ಅದು ಪೊಲೀಸ್ ಠಾಣೆಯ ವಿಷಯ. ಸಭೆಯ ಹೆಸರು ಉಳಿಸಲು ಮುಚ್ಚಿಡುವವನು 17ನೇ ವಚನದ ಪ್ರಕಾರ ಪಾಲುದಾರ.

ಈಗ ಒಬ್ಬರ ಮುಖ ನಿಮ್ಮ ಮನಸ್ಸಿಗೆ ಬಂದಿರಬಹುದು. ಅವರ ಸಾಲ, ಕುಡಿತ, ಕೋಪ ಏನೇ ಇರಲಿ, ಈ ವಾರ ಫೋನ್ ಮಾಡಿ, ‘ಮನೇಲಿದ್ದೀಯಾ, ಬರ್ತೀನಿ’ ಅಂತ ಹೇಳಿ. ಹೊರಡುವ ಮುಂಚೆ ಅವರಿಗಾಗಿ ಒಂದು ಗಳಿಗೆ ಪ್ರಾರ್ಥಿಸಿ, ಗ್ರೂಪಲ್ಲಿ ಬೇಡ, ಮೊಣಕಾಲಲ್ಲಿ. ಎದ್ದು ನಿಲ್ಲೋಣ, ಪ್ರಾರ್ಥನೆ ಮಾಡೋಣ.