ದುಬೈ ಟೀಚರ್ ಕೆಲಸ: ಗುಣಾಕಾರಕ್ಕೆ ಮೊದಲು ವ್ಯವಕಲನ

ಪ್ರಶ್ನೆ: ಖಾಸಗಿ ಶಾಲೆಯೊಂದರಲ್ಲಿ ಗಣಿತ ಟೀಚರ್ ಆಗಿದ್ದೇನೆ. ದುಬೈಯ ಸಿಬಿಎಸ್‌ಇ ಶಾಲೆಯೊಂದರಿಂದ ತಿಂಗಳಿಗೆ 4,500 ದಿರ್ಹಾಮ್ ಸಂಬಳದ ಆಫರ್ ಬಂದಿದೆ. ರೂಪಾಯಿಯಲ್ಲಿ ಲಕ್ಷ ದಾಟುತ್ತದೆ. ಖರ್ಚು ಕಳೆದು ಎಷ್ಟು ಉಳಿದೀತು? ಮುಂದೆ ಗಂಡ, ಮಗಳನ್ನೂ ಕರೆಸಿಕೊಳ್ಳಬಹುದೇ?
– ಓದುಗರು, ಉಡುಪಿ

ಉತ್ತರ: ಲಕ್ಷ ದಾಟುವುದು ನಿಜ. ಆದರೆ ಬಾಡಿಗೆ ಕಟ್ಟುವುದು ದಿರ್ಹಾಮಿನಲ್ಲಿ. ಮೊದಲು ದಿರ್ಹಾಮಿನಲ್ಲೇ ಕಳೆಯಿರಿ, ಉಳಿದದ್ದನ್ನು ರೂಪಾಯಿಗೆ ಗುಣಿಸಿ. ಗಣಿತದ ಟೀಚರಿಗೆ ಇದನ್ನು ಹೇಳುವುದು ಅಧಿಕಪ್ರಸಂಗವೇ ಸರಿ. ಆದರೂ ಆಫರ್ ಲೆಟರ್ ಕೈಗೆ ಬಂದ ದಿನ ಎಲ್ಲರಿಗೂ ನೆನಪಾಗುವುದು ಗುಣಾಕಾರ ಮಾತ್ರ!

ಅಲ್ಲಿ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ. 2018ರಿಂದ ಶೇ 5ರ ವ್ಯಾಟ್ ಇದೆ, ಅದೇನೂ ಬೆನ್ನು ಮುರಿಯುವಂಥದ್ದಲ್ಲ. ಬೆನ್ನು ಮುರಿಯುವುದು ಮನೆ ಬಾಡಿಗೆ.

ಒಬ್ಬರೇ ಹೋದರೆ ಕರಾಮಾ, ಕುಸೈಸ್, ನಹ್ದಾ ಕಡೆ ಬೆಡ್‌ಸ್ಪೇಸ್ ಸಿಗುತ್ತದೆ. ಮೂರ್ನಾಲ್ಕು ಜನರ ಕೋಣೆಯಲ್ಲಿ ಒಂದು ಮಂಚ, ಅರ್ಧ ಕಪಾಟು, ಫ್ರಿಜ್ಜಿನಲ್ಲಿ ಒಂದು ಅಂತಸ್ತು. ಇಷ್ಟಕ್ಕೆ ತಿಂಗಳಿಗೆ ಸಾವಿರ ದಿರ್ಹಾಮ್ ಆಸುಪಾಸು. ಕರೆಂಟು, ನೀರು, ವೈಫೈ ಸಾಮಾನ್ಯವಾಗಿ ಅದರಲ್ಲೇ ಸೇರಿರುತ್ತದೆ. ಪ್ಲೈವುಡ್ ಗೋಡೆ ಎಬ್ಬಿಸಿ ಮಾಡಿದ ‘ಪಾರ್ಟಿಷನ್’ ಕೋಣೆಗೆ ಮಾತ್ರ ಹೋಗಬೇಡಿ. 2025ರ ಜೂನ್‌ನಲ್ಲಿ ದುಬೈ ಮುನ್ಸಿಪಾಲಿಟಿ ರಿಗ್ಗಾ, ಸತ್ವಾ, ಬರ್ಶಾ ಮುಂತಾದ ಕಡೆ ಇಂಥವನ್ನು ತೆರವು ಮಾಡಿಸಲು ಹೊರಟಾಗ ಬಾಡಿಗೆದಾರರು ದಿಢೀರನೆ ಬೇರೆ ಜಾಗ ಹುಡುಕಬೇಕಾಯಿತು.

ಊಟಕ್ಕೆ, ನೀವೇ ಬೇಯಿಸಿಕೊಂಡರೆ, 700 ದಿರ್ಹಾಮ್ ಸಾಕು. ಕುಚ್ಚಲಕ್ಕಿ, ತೆಂಗಿನಕಾಯಿ, ಬಂಗುಡೆ ಎಲ್ಲ ಸಿಗುತ್ತದೆ, ಆ ಚಿಂತೆ ಬೇಡ. ಮೊಬೈಲಿಗೆ 150, ಓಡಾಟ ಮತ್ತು ಚಿಲ್ಲರೆ ಖರ್ಚಿಗೆ 350 ಇಡಿ. ಶಾಲೆಯ ಬಸ್ಸಿನಲ್ಲೇ ಟೀಚರುಗಳನ್ನೂ ಕರೆದೊಯ್ಯುವ ರೂಢಿ ಇದೆ. ನಿಮ್ಮ ಶಾಲೆಯಲ್ಲೂ ಉಂಟೇ ಎಂದು ಕೇಳಿ. ಒಟ್ಟು 2,200 ಹೋದರೆ 2,300 ಉಳಿಯಿತು. ಈಗ ಗುಣಿಸಿ: ಅರ್ಧ ಲಕ್ಷ ರೂಪಾಯಿ. ಊರಲ್ಲಿದ್ದು ಇಷ್ಟು ಉಳಿಸುವುದು ಕಷ್ಟ. ಹೋಗಿ ಎನ್ನುತ್ತೇನೆ.

ಸಂಸಾರದ ಮಾತು ಬೇರೆ. 4,000 ದಿರ್ಹಾಮ್ ಸಂಬಳವಿದ್ದರೆ ಕುಟುಂಬಕ್ಕೆ ವೀಸಾ ಮಾಡಿಸಬಹುದು ಎಂಬುದೇನೋ ನಿಯಮ. ಆದರೆ ದುಬೈಯಲ್ಲಿ ಒಂದು ಬೆಡ್‌ರೂಮಿನ ಸಾಧಾರಣ ಮನೆಗೆ ವರ್ಷಕ್ಕೆ 55,000 ಎಂದಿಟ್ಟುಕೊಳ್ಳಿ. ನಿಮ್ಮ ವರ್ಷದ ಸಂಬಳವೇ 54,000! ಬಾಡಿಗೆಯನ್ನು ತಿಂಗಳು ತಿಂಗಳು ಕೊಡುವುದಲ್ಲ, ವರ್ಷದ್ದನ್ನು ನಾಲ್ಕು ಚೆಕ್ಕಿನಲ್ಲಿ ಮುಂಗಡವಾಗಿ ಬರೆದುಕೊಡಬೇಕು. ಮೊದಲ ಚೆಕ್ 13,750. ಡಿಪಾಸಿಟ್ ಶೇ 5, ಏಜೆಂಟನಿಗೆ ಶೇ 5, ಕರೆಂಟು–ನೀರಿನ ಡಿಪಾಸಿಟ್ 2,000. ಬೀಗದ ಕೈ ಕೈಗೆ ಬರುವಷ್ಟರಲ್ಲಿ 21,250 ಖಾಲಿ. ಇದರ ಮೇಲೆ ಬಾಡಿಗೆಯ ಶೇ 5ರಷ್ಟು ಹೌಸಿಂಗ್ ಫೀ ಕಂತುಕಂತಾಗಿ ಕರೆಂಟು ಬಿಲ್ಲಿನ ಜೊತೆ ಬರುತ್ತದೆ. ಶಾರ್ಜಾದಲ್ಲಿ ಬಾಡಿಗೆ ಕಡಿಮೆ. ಆದರೆ ಅಲ್ಲಿಂದ ದುಬೈಗೆ ಬರುವ ಬೆಳಗಿನ ಟ್ರಾಫಿಕ್ ಕುಖ್ಯಾತ, ಶಾಲೆಯೋ ಏಳರ ಹೊತ್ತಿಗೇ ಶುರು. ಯಜಮಾನರಿಗೆ ಅಲ್ಲಿ ಕೆಲಸ ಸಿಗದೆ ಎಲ್ಲರೂ ಹೊರಡುವುದು ಬೇಡ. ಸಿಕ್ಕರೆ ಮಗಳ ಫೀಸಿನಲ್ಲಿ ಸ್ಟಾಫ್ ರಿಯಾಯಿತಿ ಎಷ್ಟು ಎಂದು ವಿಚಾರಿಸಿ. ಎಷ್ಟೋ ಶಾಲೆಗಳು ಕೊಡುತ್ತವೆ.

ಇನ್ನು ಆಫರ್ ಲೆಟರ್. ಅದರಲ್ಲಿ 4,500ರ ಕೆಳಗೆ ‘ಬೇಸಿಕ್’ ಎಂದು ಬೇರೆ ಸಾಲು ಇರುತ್ತದೆ. ಕೆಲಸ ಬಿಟ್ಟು ಬರುವಾಗ ಸಿಗುವ ಗ್ರಾಚ್ಯುಯಿಟಿಗೆ ಲೆಕ್ಕ ಅದೇ: ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ಬೇಸಿಕ್. ಅದು 3,000 ಇದ್ದರೆ ವರ್ಷಕ್ಕೆ 2,100 ಕೂಡುತ್ತದೆ, 2,000 ಇದ್ದರೆ ಬರೀ 1,400. ಒಟ್ಟು ಸಂಬಳ ಮಾತ್ರ ಎರಡರಲ್ಲೂ ಒಂದೇ.

ವೀಸಾ ಖರ್ಚು ಶಾಲೆಯದು; ಕೆಲಸಕ್ಕೆ ಸೇರಿಸಿಕೊಳ್ಳಲು ನಿಮ್ಮಿಂದ ಹಣ ವಸೂಲಿ ಮಾಡುವುದನ್ನು ಅಲ್ಲಿನ ಕಾನೂನು ನಿಷೇಧಿಸಿದೆ. ಏಜೆಂಟ್ ‘ಪ್ರೊಸೆಸಿಂಗ್’ ಅಂತ ಕೈ ಚಾಚಿದರೆ ಶಾಲೆಗೇ ನೇರ ಬರೆಯಿರಿ. ಡಿಗ್ರಿ ಸರ್ಟಿಫಿಕೇಟಿನ ಅಟೆಸ್ಟೇಷನ್ ಮಾತ್ರ ಸಾಮಾನ್ಯವಾಗಿ ನಿಮ್ಮ ತಲೆಗೇ ಬರುವುದು. ರಾಜ್ಯ ಸರ್ಕಾರ, ವಿದೇಶಾಂಗ ಇಲಾಖೆ, ಯುಎಇ ರಾಯಭಾರ ಕಚೇರಿ ಎಂದು ಕಾಗದ ಸುತ್ತಬೇಕು, ಈಗಲೇ ಶುರು ಮಾಡಿ.

ಕೊನೆಯದಾಗಿ ಜುಲೈ–ಆಗಸ್ಟ್ ರಜೆ. ಶಾಲೆಗಳೆಲ್ಲ ಒಟ್ಟಿಗೆ ಮುಚ್ಚುವುದರಿಂದ ಮಂಗಳೂರಿನ ವಿಮಾನದ ಟಿಕೆಟ್ ದರ ಆಗ ಗಗನಕ್ಕೇರಿರುತ್ತದೆ. ಆ ಎರಡು ತಿಂಗಳ ಸಂಬಳ ಪೂರ್ತಿ ಬರುತ್ತದೆಯೇ, ಟಿಕೆಟ್ ಯಾರದು, ಮೊದಲ ವರ್ಷಕ್ಕೂ ಅನ್ವಯಿಸುತ್ತದೆಯೇ? ಸಹಿ ಹಾಕುವ ಮೊದಲು ಈ ಮೂರಕ್ಕೂ ಇಮೇಲಿನಲ್ಲಿ ಉತ್ತರ ತರಿಸಿಕೊಳ್ಳಿ.