ಪದ್ಮರಾಕ್ಷಸ

1993ರಲ್ಲಿ ಇಂಡೊನೇಷ್ಯ ದೇಶವು ಮೂರು ಹೂಗಳಿಗೆ ರಾಷ್ಟ್ರೀಯ ಪುಷ್ಪಗಳೆಂಬ ಮನ್ನಣೆಯನ್ನಿತ್ತಿತು. ಒಂದು ಮಲ್ಲಿಗೆ, ಇನ್ನೊಂದು ಬಿಳಿಯ ಆರ್ಕಿಡ್; ಮೂರನೆಯದರ ಹೆಸರು ‘ಪದ್ಮ ರಾಕ್ಷಸ’. ಸಂಸ್ಕೃತದಿಂದ ಆ ನಾಡಿನ ಭಾಷೆಗೆ ಸೇರಿದ ಈ ಎರಡು ಪದಗಳೂ ನಮಗೆ ಪರಿಚಿತವೇ. ತಾವರೆಗೂ ಈ ಹೂವಿಗೂ ನಂಟಿಲ್ಲವಾದರೂ ರಾಕ್ಷಸನೆಂಬ ಮಾತು ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಸುಮಾತ್ರ ದ್ವೀಪದ ಮಳೆಕಾಡುಗಳಲ್ಲಿ ಅರಳುವ ಈ ಹೂ ಸುಮಾರು ಒಂದು ಮೀಟರ್ ಅಗಲಕ್ಕೆ ಬೆಳೆಯಬಲ್ಲುದು. ಬಿಡಿ ಹೂಗಳಲ್ಲಿ ಜಗತ್ತಿನಲ್ಲಿಯೇ ಇದಕ್ಕಿಂತ ದೊಡ್ಡದಿಲ್ಲ.

1818ರಲ್ಲಿ ಆಂಗ್ಲ ಅಧಿಕಾರಿ ಸ್ಟ್ಯಾಂಫರ್ಡ್ ರಾಫಲ್ಸ್ ಸುಮಾತ್ರದ ಒಳನಾಡಿನಲ್ಲಿ ಸಂಚರಿಸುತ್ತಿದ್ದಾಗ, ತಂಡದ ಮಲಯ ಸೇವಕನೊಬ್ಬನು ಇದನ್ನು ಕಂಡು ವೈದ್ಯ ಜೋಸೆಫ್ ಆರ್ನಾಲ್ಡನನ್ನು ಕರೆದೊಯ್ದು ತೋರಿಸಿದನು. ಆರ್ನಾಲ್ಡನು ಅದೇ ವರ್ಷ ಜ್ವರದಿಂದ ತೀರಿಕೊಂಡನು. ವಿಜ್ಞಾನಿಗಳು ಹೂವಿಗೆ ‘ರಫ್ಲೇಸಿಯ ಆರ್ನಾಲ್ಡಿ’ ಎಂದು ಹೆಸರಿಟ್ಟರು. ಮೊದಲು ಕಂಡ ಸೇವಕನ ಹೆಸರಿಗೆ ಅದರಲ್ಲಿ ಎಡೆ ದೊರೆಯಲಿಲ್ಲ!

ಇಷ್ಟು ದೊಡ್ಡ ಹೂವನ್ನು ಹೊತ್ತ ಗಿಡವೆಲ್ಲಿ? ಹುಡುಕಿದರೂ ಕಾಣದು. ಇದಕ್ಕೆ ಕಾಂಡವಿಲ್ಲ, ಎಲೆಯಿಲ್ಲ, ನೆಲಕ್ಕಿಳಿಯುವ ಬೇರಿಲ್ಲ. ನಮ್ಮ ಮರಗಳ ಮೇಲಿನ ಬಂದಳಿಕೆಗಾದರೂ ಹಸಿರೆಲೆಗಳುಂಟು. ಈ ಪರಾವಲಂಬಿಗೆ ಅದೂ ಇಲ್ಲ. ದ್ರಾಕ್ಷಿಯ ಕುಟುಂಬಕ್ಕೆ ಸೇರಿದ ಒಂದು ಕಾಡುಬಳ್ಳಿಯೊಳಗೆ ಸಣ್ಣ ಎಳೆಗಳಾಗಿ ಹಬ್ಬಿ, ಅದರ ಆಹಾರವನ್ನೇ ಹೀರಿ ಬದುಕುತ್ತದೆ. ಎಂದೋ ಒಮ್ಮೆ ಬಳ್ಳಿಯ ತೊಗಟೆಯನ್ನು ಸೀಳಿಕೊಂಡು ಮೊಗ್ಗು ಹೊರಬರುತ್ತದೆ. ಅದು ಎಲೆಕೋಸಿನಂತೆ ಉಬ್ಬಿ ಅರಳಲು ಹಲವು ತಿಂಗಳು ಬೇಕು. ಅರಳಿದ ಹೂ ಬಾಳುವುದು ಒಂದು ವಾರದಷ್ಟು ಮಾತ್ರ.

ಅರಳಿದ ಹೂವಿನ ಐದು ದಪ್ಪ ದಳಗಳು ಕೆಂಪಾಗಿದ್ದು, ಮೇಲೆ ಬಿಳಿಚುಕ್ಕೆಗಳಿರುತ್ತವೆ. ಅದರ ವಾಸನೆಯಾದರೋ ಕೊಳೆತ ಮಾಂಸದ್ದು! ಆ ನಾತಕ್ಕೆ ಮರುಳಾಗಿ ಬರುವ ನೊಣಗಳೇ ಇದರ ಪರಾಗವಾಹಕರು. ಗಂಡುಹೂವಿನ ಅಂಟುಪರಾಗವು ನೊಣದ ಬೆನ್ನಿಗೆ ಮೆತ್ತಿಕೊಳ್ಳುತ್ತದೆ. ಆದರೆ ಅದೇ ದಿನಗಳಲ್ಲಿ ಸಮೀಪದಲ್ಲಿ ಹೆಣ್ಣುಹೂವೊಂದು ಅರಳಿರದಿದ್ದರೆ ಅಷ್ಟು ತಿಂಗಳುಗಳ ಬೆಳವಣಿಗೆಯೂ ವ್ಯರ್ಥವೇ ಸರಿ.

ಅಪರೂಪದ ಗಿಡವನ್ನು ಕುಂಡದಲ್ಲಿ ಬೆಳೆಸಿ ಉಳಿಸಿಕೊಳ್ಳಬಹುದಲ್ಲವೇ? ಇದರ ವಿಷಯದಲ್ಲಿ ಅದು ಸುಲಭವಲ್ಲ. ಜಾವಾದ ಬೋಗೋರ್ ಸಸ್ಯೋದ್ಯಾನದಲ್ಲಿ ಇದೇ ಕುಲದ ಇನ್ನೊಂದು ಪ್ರಭೇದವು 2010ರಲ್ಲಿ ಅರಳಿತು. ಅದಕ್ಕಾಗಿ, ಒಳಗೆ ಪರಾವಲಂಬಿ ನೆಲೆಸಿದ್ದ ಕಾಡುಬಳ್ಳಿಯ ತುಂಡನ್ನು ತಂದು ಉದ್ಯಾನದ ಬಳ್ಳಿಗೆ ಕಸಿಮಾಡಬೇಕಾಯಿತು. ಬಳ್ಳಿಯಿಲ್ಲದೆ ಹೂವಿಲ್ಲ, ಕಾಡಿಲ್ಲದೆ ಬಳ್ಳಿಯಿಲ್ಲ. ಆ ಕಾಡುಗಳಾದರೋ ಕಾಫಿ ಮತ್ತು ಎಣ್ಣೆತಾಳೆಯ ತೋಟಗಳಿಗಾಗಿ ಕರಗುತ್ತಿವೆ.

ಸುಮಾತ್ರದ ಕೆಲವು ಹಳ್ಳಿಗಳಲ್ಲಿ ಈಗ ರೈತರು ತಮ್ಮ ನೆಲದಲ್ಲಿ ಮೊಗ್ಗು ಕಂಡರೆ ಬಳ್ಳಿಯನ್ನು ಕಡಿಯದೆ ಕಾಯುತ್ತಾರೆ. ಹೂ ಬಿರಿದಾಗ ದಾರಿಯ ಬದಿಯಲ್ಲಿ ಫಲಕ ತೂಗುಹಾಕಿ, ನೋಡಬಂದವರಿಂದ ಅಲ್ಪ ಹಣವನ್ನು ಪಡೆಯುತ್ತಾರೆ.